ಬೆಸುಗೆಯ ಪಕ್ಕದ ಅರೆಬೆರಳು

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ ಮಾವಿನ ಸುಗ್ಗಿಯ ಕಾಲ. ನನ್ನ ಬಂಧುಗಳೊಬ್ಬರ ತೋಟದಿಂದ ಕಾಯಿ ಹೇರಿಕೊಂಡು ಹೊರಟ ಟ್ರಾಕ್ಟರಿನ ಟ್ರೈಲರು ಊರು ದಾಟುವ ಮೊದಲೇ ಒಂದು ಪಕ್ಕಕ್ಕೆ ವಾಲಿ ನಿಂತುಬಿಟ್ಟಿತು. ಇಳಿದು ನೋಡಿದರೆ ಗಾಲಿಯ ಮೇಲಿನ ಕಮಾನುಪಟ್ಟಿ ಮುರಿದಿದೆ. ಮೂರು ದಿನಗಳ ಹಿಂದೆಯಷ್ಟೇ ಅದೇ ಪಟ್ಟಿ ಬಿರುಕುಬಿಟ್ಟಿತ್ತೆಂದು ರಸ್ತೆಬದಿಯ ಅಂಗಡಿಯೊಂದರಲ್ಲಿ ವೆಲ್ಡಿಂಗ್ ಮಾಡಿಸಿದ್ದರು. ಬಂಧುಗಳ ಕೋಪವೆಲ್ಲ ಸಹಜವಾಗಿಯೇ ಬೆಸುಗೆ ಹಾಕಿದವನ ಮೇಲೆ ತಿರುಗಿತು.

ಮುರಿದ ತುಂಡುಗಳನ್ನು ಹಿಡಿದು ಊರಿನ ಹಳೆಯ ಕುಲುಮೆಗೆ ಹೋದೆವು. ಎಂಬತ್ತನ್ನು ಸಮೀಪಿಸುತ್ತಿದ್ದ ಕಮ್ಮಾರ ತಾತ ತುಂಡುಗಳನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿದರು.

“ಬೆಸುಗೆ ಬಿಟ್ಟಿಲ್ಲ ಸಾಮಿ, ಅದು ಗಟ್ಟಿಯಾಗೇ ಐತೆ. ಮುರಿದಿರೋದು ಪಕ್ಕದಾಗೆ, ನೋಡಿ. ಅಲ್ಲಿ ಉಕ್ಕಿನ ಹದ ಕೆಟ್ಟೈತೆ.”

ನಿಜವಾಗಿತ್ತು. ಬೆಸುಗೆಯ ಗೆರೆ ಉಬ್ಬಿಕೊಂಡು ಇಡಿಯಾಗಿ ಒಂದು ತುಂಡಿಗೆ ಅಂಟಿಕೊಂಡಿತ್ತು. ಅದರ ಮಗ್ಗುಲಲ್ಲಿ, ಅರೆಬೆರಳಿನಷ್ಟೂ ದೂರವಿಲ್ಲದ ಕಡೆ, ಬೆಂಕಿ ಕರಗಿಸದೆ ಕೇವಲ ಕಾಯಿಸಿ ಬಿಟ್ಟ ಜಾಗದಲ್ಲಿ, ಪಟ್ಟಿ ಗಾಜಿನಂತೆ ಮುರಿದಿತ್ತು.

ಕನ್ನಡ ಬೋಧಿಸುವ ನನಗೆ ‘ಹದ’ವೆಂಬ ಮಾತು ಹೊಸದಲ್ಲ. ಅಡುಗೆಗೆ ಹದವುಂಟು, ಹೊಲದ ಮಣ್ಣಿಗೆ ಹದವುಂಟು, ಮಾತಿಗೂ ಹದವುಂಟು. ಆದರೆ ಈ ಒಂದು ಮಾತಿನೊಳಗೆ ಲೋಹಶಾಸ್ತ್ರದ ಒಂದು ದೊಡ್ಡ ಅಧ್ಯಾಯವೇ ಅಡಗಿದೆಯೆಂದೂ, ಊರುಗಳಿಗೆ ನೀರು, ಅನಿಲ, ಎಣ್ಣೆಗಳನ್ನು ಹೊತ್ತು ತರುವ ಉಕ್ಕಿನ ಕೊಳವೆಗಳ ಕ್ಷೇಮ ಅದನ್ನೇ ನಂಬಿದೆಯೆಂದೂ ನನಗೆ ತಿಳಿದದ್ದು ಆ ದಿನದ ಕುತೂಹಲದಿಂದ ಆರಂಭವಾದ ಓದಿನಿಂದ. ಅದನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ಕುಲುಮೆಯ ಪಾಠ

ಮುರಿದ ಪಟ್ಟಿಯಿಂದ ತಾತ ಎರಡು ಸಣ್ಣ ಚೂರುಗಳನ್ನು ಕತ್ತರಿಸಿದರು. ಎರಡನ್ನೂ ಕೆಂಡದಲ್ಲಿಟ್ಟು ಕೆಂಪಗೆ ಕಾಯಿಸಿದರು. ಒಂದನ್ನು ಇಕ್ಕಳದಲ್ಲಿ ಎತ್ತಿ ನೀರಿನಲ್ಲಿ ಅದ್ದಿದರು. ಇನ್ನೊಂದನ್ನು ಬೂದಿಯ ರಾಶಿಯಲ್ಲಿ ಹೂತಿಟ್ಟರು. ಸಾಕಷ್ಟು ಹೊತ್ತಿನ ಮೇಲೆ ಎರಡನ್ನೂ ಅಡಿಗಲ್ಲಿನ ಅಂಚಿಗಿಟ್ಟು ಸುತ್ತಿಗೆಯಿಂದ ಹೊಡೆದರು. ನೀರು ಕುಡಿದದ್ದು ಒಂದೇ ಏಟಿಗೆ ಚಿಟಕ್ಕನೆ ಮುರಿಯಿತು. ಬೂದಿಯಲ್ಲಿ ಮಲಗಿ ಎದ್ದದ್ದು ಬಾಗಿತೇ ಹೊರತು ಮುರಿಯಲಿಲ್ಲ. ಒಂದೇ ಉಕ್ಕು, ಒಂದೇ ಬೆಂಕಿ. ಆರಿಸಿದ ಬಗೆ ಮಾತ್ರ ಬೇರೆ.

ಇಲ್ಲಿ ಮೂರು ಗುಣಗಳನ್ನು ಬಿಡಿಸಿ ತಿಳಿಯಬೇಕು. ಎಳೆತವನ್ನು ಎದುರಿಸುವುದು ಬಲ. ಗೀರನ್ನೂ ಒತ್ತನ್ನೂ ಎದುರಿಸುವುದು ಗಡಸುತನ. ಏಟು ಬಿದ್ದಾಗ, ಬಿರುಕು ಕಾಣಿಸಿಕೊಂಡಾಗ, ಮುರಿಯದೆ ಬಾಗಿ ಆ ಏಟನ್ನು ನುಂಗಿಕೊಳ್ಳುವುದು ತಾಳಿಕೆ. ಗಡಸಾದುದೆಲ್ಲ ತಾಳುವುದಿಲ್ಲ. ಮನುಷ್ಯರಲ್ಲಿಯೂ ಈ ವ್ಯತ್ಯಾಸವನ್ನು ನಾವು ಕಾಣುತ್ತೇವಷ್ಟೆ.

ಕಮ್ಮಾರನು ಮಚ್ಚಿಗೆ ಬೇಕಾದ ಗಡಸನ್ನು ನೀರಿನಿಂದ ಪಡೆಯುತ್ತಾನೆ. ಆಮೇಲೆ ಅದನ್ನು ಮತ್ತೆ ಹಿತವಾಗಿ ಕಾಯಿಸಿ, ಅಲಗಿನ ಮೇಲೆ ಹೊಂಬಣ್ಣವೋ ನೀಲಿಯೋ ಮೂಡುವುದನ್ನು ನೋಡಿಕೊಂಡು ನಿಲ್ಲಿಸುತ್ತಾನೆ. ಗಡಸು ಸ್ವಲ್ಪ ಇಳಿದು ತಾಳಿಕೆ ಮರಳಿ ಬರುತ್ತದೆ. ಅದೇ ಹದ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವಿದ್ವಾಂಸರು ಬೆರಗಿನಿಂದ ಪರೀಕ್ಷಿಸಿದ ದಕ್ಷಿಣ ಭಾರತದ ಮೂಸೆಯುಕ್ಕಿಗೆ ‘ವೂಟ್ಜ್’ ಎಂಬ ಹೆಸರಿತ್ತು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ಬಗೆಗೆ ಪ್ರಬಂಧ ಮಂಡಿಸಿದ. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಹೊಲವೂ ಬದುವೂ

ಉಕ್ಕು ಕಣ್ಣಿಗೆ ಒಂದೇ ಸಮನಾದ ಘನವಸ್ತುವಾಗಿ ಕಾಣುತ್ತದೆ. ಆದರೆ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಹೆನ್ರಿ ಕ್ಲಿಫ್ಟನ್ ಸಾರ್ಬಿ ಎಂಬ ವಿಜ್ಞಾನಿ ೧೮೬೩-೬೪ರ ಸುಮಾರಿಗೆ ಉಕ್ಕಿನ ಚೂರನ್ನು ಕನ್ನಡಿಯಂತೆ ಉಜ್ಜಿ, ಸೌಮ್ಯವಾದ ಆಮ್ಲದಿಂದ ಸವರಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ಬೇರೆಯೇ ಲೋಕ ತೆರೆಯಿತು. ವಿಮಾನದಿಂದ ಕೋಲಾರದ ಬಯಲನ್ನು ನೋಡಿದರೆ ಬದುಗಳಿಂದ ಬೇರ್ಪಟ್ಟ ಹೊಲಗಳು ಹೇಗೆ ಕಾಣುವುವೋ ಹಾಗೆ, ಅಂಚುಗಳಿಂದ ಬೇರ್ಪಟ್ಟ ಅಸಂಖ್ಯ ಹರಳುಗಳು ಅಲ್ಲಿದ್ದುವು. ಕೆಲವು ಹರಳುಗಳು ತಿಳಿಯಾದ ಕಬ್ಬಿಣ. ಕೆಲವು ಮುತ್ತಿನ ಚಿಪ್ಪಿನಂತೆ ಹೊಳೆಯುವ ಪದರು ಪದರಾದ ವಸ್ತು. ಆ ಹೊಳಪಿನಿಂದಲೇ ಅದಕ್ಕೆ ‘ಪರ್ಲೈಟ್’ ಎಂಬ ಹೆಸರು ಬಂತು. ನೀರಿನಲ್ಲಿ ಅದ್ದಿದ ಉಕ್ಕಿನಲ್ಲಾದರೋ ಸೂಜಿಗಳನ್ನು ಹೆಣೆದಂತಹ ರಚನೆ ಕಾಣುತ್ತದೆ. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸನ ಗೌರವಾರ್ಥವಾಗಿ ೧೮೯೫ರಲ್ಲಿ ಅದನ್ನು ‘ಮಾರ್ಟೆನ್ಸೈಟ್’ ಎಂದು ಕರೆದರು.

ಈ ಬದಲಾವಣೆಯ ಗುಟ್ಟೇನು? ಬಿಸಿನೀರಿನಲ್ಲಿ ಸಕ್ಕರೆ ಹೆಚ್ಚು ಕರಗುತ್ತದೆ. ತಣಿದಾಗ ಹೆಚ್ಚಿನದು ಹರಳುಗಟ್ಟಿ ಬೇರೆಯಾಗುತ್ತದೆ. ಉಕ್ಕೂ ಹಾಗೆಯೆ. ಸುಮಾರು ೭೨೦ ಡಿಗ್ರಿ ಸೆಂಟಿಗ್ರೇಡಿನಿಂದ ಮೇಲಕ್ಕೆ ಕಾಯುತ್ತ ಹೋದಂತೆ ಕಬ್ಬಿಣದ ಅಣುಗಳು ತಾವು ಕುಳಿತಿದ್ದ ಕ್ರಮವನ್ನೇ ಬದಲಿಸುತ್ತವೆ. ಆ ಹೊಸ ಕ್ರಮದಲ್ಲಿ ಇಂಗಾಲಕ್ಕೆ ಧಾರಾಳವಾದ ಜಾಗ ಸಿಗುತ್ತದೆ. ನಿಧಾನವಾಗಿ ಆರಿದರೆ ಇಂಗಾಲವು ಸಾವಕಾಶವಾಗಿ ಹೊರಬಂದು ಪರ್ಲೈಟಿನ ಪದರುಗಳಲ್ಲಿ ನೆಲೆಗೊಳ್ಳುತ್ತದೆ. ಥಟ್ಟನೆ ಆರಿದರೆ ಹೊರಬರಲು ಸಮಯವೇ ಸಾಲದೆ, ಇಕ್ಕಟ್ಟಿನಲ್ಲಿ ಸಿಕ್ಕಿ, ಇಡೀ ಹರಳನ್ನು ಬಿಗಿದು ಹಿಡಿಯುತ್ತದೆ. ಆ ಬಿಗಿತವೇ ಮಾರ್ಟೆನ್ಸೈಟಿನ ಗಡಸು. ಆ ಬಿಗಿತವೇ ಅದರ ಭಿದುರತೆ.

ಹರಳುಗಳ ಗಾತ್ರಕ್ಕೂ ಮಹತ್ವವಿದೆ. ಓಡುತ್ತ ಬರುವ ಬಿರುಕಿಗೆ ಪ್ರತಿಯೊಂದು ಬದುವೂ ಒಂದು ತಡೆ. ಅಲ್ಲಿ ಅದು ದಿಕ್ಕು ಬದಲಿಸಬೇಕು, ಶಕ್ತಿ ವ್ಯಯಿಸಬೇಕು. ಸಣ್ಣ ಹೊಲಗಳಿದ್ದರೆ ಬದುಗಳು ಹೆಚ್ಚು. ಬಿರುಕು ಬೇಗ ದಣಿಯುತ್ತದೆ. ಬದುಗಳು ಅಳಿಸಿ ಹೊಲಗಳು ವಿಶಾಲವಾದರೆ ಅದು ಎಡೆತಡೆಯಿಲ್ಲದೆ ಓಡುತ್ತದೆ.

ನೀರಿಲ್ಲದ ಅದ್ದುವಿಕೆ

ಈಗ ಬೆಸುಗೆಗೆ ಬರೋಣ. ವಿದ್ಯುತ್ ಬೆಸುಗೆಯ ಕಿಡಿಯ ಶಾಖ ಹಲವು ಸಾವಿರ ಡಿಗ್ರಿ. ಉಕ್ಕು ಕರಗಲು ಸುಮಾರು ೧೫೦೦ ಡಿಗ್ರಿ ಸಾಕು. ಕಿಡಿಯ ಕೆಳಗೆ ಒಂದು ಪುಟ್ಟ ಕೊಳದಂತೆ ಉಕ್ಕು ಕರಗುತ್ತದೆ. ಕಿಡಿ ಮುಂದೆ ಸರಿದೊಡನೆ ಹೆಪ್ಪುಗಟ್ಟುತ್ತದೆ. ಎಲ್ಲರ ಗಮನವೂ ಆ ಕೊಳದ ಮೇಲೆಯೇ. ಕೊಳದ ದಡವನ್ನು ನೋಡುವವರು ಕಡಮೆ.

ದಡದ ಉಕ್ಕು ಕರಗಿಲ್ಲ, ನಿಜ. ಆದರೆ ಅದು ಕೆಲವು ಕ್ಷಣಗಳ ಕಾಲ ಕುಲುಮೆಯಲ್ಲಿದ್ದಂತೆ ಕಾದಿದೆ. ಕರಗಿದ ಗೆರೆಗೆ ಅಂಟಿಕೊಂಡ ಎಳೆ ೧೧೦೦ ಡಿಗ್ರಿಗೂ ಮೀರಿ ಕಾದು, ಹರಳುಗಳು ಒಂದನ್ನೊಂದು ನುಂಗಿ ದಪ್ಪವಾಗುತ್ತವೆ. ಅದರಾಚೆಯ ಎಳೆ ೯೦೦ರಿಂದ ೧೧೦೦ರ ನಡುವೆ ಕಾದು, ಹರಳುಗಳು ಹೊಸದಾಗಿ ಹುಟ್ಟಿ ಸಣ್ಣವಾಗಿಯೇ ಉಳಿಯುತ್ತವೆ. ಇದು ಒಳ್ಳೆಯ ನೆರೆ. ಅದಕ್ಕೂ ಆಚೆ ಅರೆಬರೆ ಬದಲಾದ ಎಳೆ. ಕೊನೆಗೆ ಏನೂ ತಿಳಿಯದಂತೆ ಉಳಿದ ಮೂಲ ಉಕ್ಕು. ಇಷ್ಟೆಲ್ಲ ವೈವಿಧ್ಯವೂ ಕೆಲವೇ ಮಿಲಿಮೀಟರುಗಳೊಳಗೆ! ಲೋಹಶಾಸ್ತ್ರಜ್ಞರು ಇದಕ್ಕೆ ‘ಶಾಖಬಾಧಿತ ವಲಯ’ ಎನ್ನುತ್ತಾರೆ.

ಮುಂದಿನದು ಇನ್ನೂ ಸ್ವಾರಸ್ಯಕರ. ಇಲ್ಲಿ ಯಾರೂ ನೀರು ಸುರಿಯಲಿಲ್ಲ. ಆದರೂ ಉಕ್ಕು ಥಟ್ಟನೆ ತಣಿಯಿತು. ಏಕೆ? ಸುತ್ತಲೂ ಇರುವ ತಣ್ಣನೆಯ ದಪ್ಪ ಉಕ್ಕೇ ಶಾಖವನ್ನು ಹೀರಿಕೊಂಡುಬಿಟ್ಟಿತು. ಕಮ್ಮಾರನಿಗೆ ಬಾನೆಯ ನೀರು ಏನೋ, ಬೆಸುಗೆಗೆ ಪಕ್ಕದ ತಣ್ಣನೆಯ ಉಕ್ಕು ಅದು. ಕಮ್ಮಾರನು ಬೇಕೆಂದು ಅದ್ದುತ್ತಾನೆ. ಆಮೇಲೆ ಹದ ಕೊಡುತ್ತಾನೆ. ಬೆಸುಗೆಯವನು ಅದ್ದಿದೆನೆಂಬುದನ್ನೇ ಅರಿಯದೆ ಅದ್ದುತ್ತಾನೆ. ಹದ ಕೊಡದೆ ಎದ್ದು ಹೋಗುತ್ತಾನೆ. ಯಲ್ದೂರಿನ ಟ್ರೈಲರಿನ ಪಟ್ಟಿ ಮುರಿದದ್ದು ಹೀಗೆ. ಕಮಾನುಪಟ್ಟಿಯ ಉಕ್ಕಿನಲ್ಲಿ ಇಂಗಾಲ ಹೆಚ್ಚು, ನೂರಕ್ಕೆ ಅರ್ಧ ಭಾಗಕ್ಕೂ ಮಿಗಿಲು. ಅಂತಹ ಉಕ್ಕು ಬಹು ಬೇಗ ಮಾರ್ಟೆನ್ಸೈಟಾಗುತ್ತದೆ.

ಹಾಗಾದರೆ ಶಾಖವನ್ನು ಧಾರಾಳವಾಗಿ ಕೊಟ್ಟು, ಬಹಳ ನಿಧಾನವಾಗಿ ಆರುವಂತೆ ಮಾಡಿದರೆ ಸರಿಹೋಯಿತಲ್ಲ ಎಂದು ಓದುಗರು ಕೇಳಬಹುದು. ಆಗ ಇನ್ನೊಂದು ಕೇಡು. ಹೆಚ್ಚು ಹೊತ್ತು ಬಿಸಿಯಲ್ಲಿದ್ದಷ್ಟೂ ಹರಳುಗಳು ದಪ್ಪವಾಗುತ್ತವೆ, ಬದುಗಳು ಅಳಿಯುತ್ತವೆ, ಗಡಸು ಕಡಮೆಯಾದರೂ ತಾಳಿಕೆ ಬಾರದು. ಬೇಗ ಆರಿದರೆ ಗಾಜು, ತೀರ ತಡವಾಗಿ ಆರಿದರೆ ದಪ್ಪಹರಳು. ಆದುದರಿಂದಲೇ ಎಂಜಿನಿಯರುಗಳು ಉಕ್ಕು ೮೦೦ ಡಿಗ್ರಿಯಿಂದ ೫೦೦ ಡಿಗ್ರಿಗೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತೆಂಬುದನ್ನು ಅಷ್ಟು ಮುತುವರ್ಜಿಯಿಂದ ಲೆಕ್ಕಹಾಕುತ್ತಾರೆ. ವಿದ್ಯುತ್ತಿನ ಪ್ರವಾಹ, ಅದರ ಒತ್ತಡ, ಕೈ ಸಾಗುವ ವೇಗ: ಈ ಮೂರು ಲಗಾಮುಗಳಿಂದ ಆ ಸೆಕೆಂಡುಗಳನ್ನು ಹತೋಟಿಯಲ್ಲಿಡಬೇಕು. ತಾತನ ಹದವೇ ಇಲ್ಲಿ ಅಂಕಿಯ ಉಡುಪು ತೊಟ್ಟು ಬಂದಿದೆ.

ಒಡೆದ ಹಡಗು, ಬಿರಿದ ಸೇತುವೆ

ಈ ಪಾಠವನ್ನು ಜಗತ್ತು ಸುಲಭವಾಗಿ ಕಲಿಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಹಡಗುಗಳನ್ನು ರಿವೆಟ್ ಹೊಡೆದು ಜೋಡಿಸುವ ಬದಲು ಬೆಸುಗೆಯಿಂದ ಅವಸರವಾಗಿ ಕಟ್ಟತೊಡಗಿತು. ೧೯೪೩ರ ಜನವರಿ ೧೬ರಂದು ಪೋರ್ಟ್‌ಲೆಂಡ್ ಬಂದರಿನಲ್ಲಿ ‘ಷೆನೆಕ್ಟಡಿ’ ಎಂಬ ಹೊಸ ಎಣ್ಣೆಹಡಗು, ಬಿರುಗಾಳಿಯಿಲ್ಲ, ಅಲೆಯಿಲ್ಲ, ನಿಂತ ನೀರಿನಲ್ಲಿ ನಿಂತಂತೆಯೇ ದೊಡ್ಡ ಸದ್ದಿನೊಡನೆ ನಡುವೆ ಬಿರಿದುಹೋಯಿತು. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿದುಷಿ, ಯುದ್ಧಕಾಲದ ಹಡಗುಗಳ ಉಕ್ಕು ಚಳಿಯಲ್ಲಿ ತಾಳಿಕೆ ಕಳೆದುಕೊಂಡು ಭಿದುರವಾಗುತ್ತದೆಂಬುದನ್ನು ತೋರಿಸಿಕೊಟ್ಟರು. ರಿವೆಟ್ಟಿನ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸುಗೆಯ ಹಡಗಾದರೋ ಒಂದೇ ಅಖಂಡ ತಗಡು, ಬಿರುಕಿಗೆ ಅದೇ ರಾಜಮಾರ್ಗ.

ಶಾಖಬಾಧಿತ ವಲಯದ ಕಥೆಗೆ ಇನ್ನೂ ನೇರವಾದ ನಿದರ್ಶನ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ್ದು. ಅಲ್ಲಿನ ಕಿಂಗ್ ಸ್ಟ್ರೀಟ್ ಸೇತುವೆ ೧೯೬೧ರಲ್ಲಿ ಸಂಚಾರಕ್ಕೆ ತೆರೆಯಿತು. ೧೯೬೨ರ ಜುಲೈ ೧೦ರ ಚಳಿಗಾಲದ ಬೆಳಗ್ಗೆ ಸುಮಾರು ೪೫ ಟನ್ ಭಾರದ ಲಾರಿಯೊಂದು ಸಾಗುತ್ತಿದ್ದಾಗ ಅದರ ಒಂದು ಅಂಕಣದ ತೊಲೆಗಳು ಬಿರಿದು ಕುಸಿದುವು. ಕೆಳಗಿದ್ದ ಗೋಡೆಗಳು ಆತುಕೊಂಡದ್ದರಿಂದ ಯಾರ ಜೀವವೂ ಹೋಗಲಿಲ್ಲ. ವಿಚಾರಣೆ ನಡೆದಾಗ ತಿಳಿದದ್ದು: ತೊಲೆಯ ಕೆಳಗಿನ ಪಟ್ಟಿಗೆ ಹಾಕಿದ ಅಡ್ಡ ಬೆಸುಗೆಗಳ ಪಕ್ಕದಲ್ಲಿ, ಶಾಖ ತಾಗಿದ ಉಕ್ಕಿನಲ್ಲಿ, ಸಣ್ಣ ಬಿರುಕುಗಳು ಕಾರ್ಖಾನೆಯಲ್ಲಿಯೇ ಹುಟ್ಟಿದ್ದುವು. ಕೆಲವು ಬಿರುಕುಗಳೊಳಗೆ ಬಣ್ಣ ಇಳಿದಿತ್ತು. ಎಂದರೆ, ಬಣ್ಣ ಬಳಿಯುವಾಗಲೇ ಅವು ಅಲ್ಲಿದ್ದುವು. ಯಾರ ಕಣ್ಣಿಗೂ ಬೀಳಲಿಲ್ಲ.

ಕೊಳವೆಗಳ ಚರಿತ್ರೆಯಲ್ಲಿಯೂ ಇಂತಹ ಪುಟಗಳುಂಟು. ೧೯೬೦ರಲ್ಲಿ ಅಮೆರಿಕದಲ್ಲಿ ಅನಿಲದ ಕೊಳವೆಯೊಂದನ್ನು ಪರೀಕ್ಷಿಸುತ್ತಿದ್ದಾಗ ಹುಟ್ಟಿದ ಭಿದುರ ಬಿರುಕು ಸುಮಾರು ೧೩ ಕಿಲೋಮೀಟರು ದೂರ ಓಡಿತು. ಯಲ್ದೂರಿನಿಂದ ಹೊರಟು ಕಾಲುನಡಿಗೆಯಲ್ಲಿ ಮೂರು ಗಂಟೆ ನಡೆಯುವಷ್ಟು ದೂರ ಒಂದೇ ಸೀಳು! ಕೊಳವೆಯ ಉಕ್ಕಿಗೆ ಬಲವೊಂದಿದ್ದರೆ ಸಾಲದು, ಬಿರುಕನ್ನು ತಡೆದು ನಿಲ್ಲಿಸುವ ತಾಳಿಕೆಯೂ ಬೇಕೆಂಬುದು ಅಂತಹ ಅನುಭವಗಳಿಂದ ಮನವರಿಕೆಯಾಯಿತು.

ನಮ್ಮ ನೆಲದಡಿಯ ಉಕ್ಕು

ಇದೆಲ್ಲ ದೂರದ ಮಾತೆಂದು ಎಣಿಸಬೇಡಿ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ನದಿಯ ಪಾತ್ರ ಬಹುಕಾಲ ಒಣಗಿಯೇ ಇರುತ್ತದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳ ಕಥೆಯನ್ನು ಇಲ್ಲಿನ ಪ್ರತಿಯೊಂದು ಮನೆಯೂ ಹೇಳುತ್ತದೆ. ೨೦೧೮ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೊಳವೆಮಾರ್ಗದ ಮೂಲಕ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗ, ಆ ನೀರಿನ ಗುಣದ ಬಗೆಗೆ ಎಷ್ಟೇ ವಾದವಿವಾದಗಳು ಎದ್ದಿದ್ದರೂ, ತುಂಬಿದ ಕೆರೆಯನ್ನು ನೋಡಲು ಜನ ನೆರೆದರು. ಅಲ್ಲಿಂದ ನೀರು ಕೆರೆಯಿಂದ ಕೆರೆಗೆ ತಾನಾಗಿ ಹರಿಯುವ ಏರ್ಪಾಡು. ಕೆರೆಯವರೆಗೆ ಅದನ್ನು ಎತ್ತರಕ್ಕೆ ದಬ್ಬಿ ತರುವುದು ಕೊಳವೆ.

ನೀರಿನ ಕೊಳವೆ ಒಡೆದರೆ ನೀರು ಪೋಲಾಗುತ್ತದೆ, ಬೆಳೆಯೂ ಕೆಡಬಹುದು. ಅನಿಲದ ಕೊಳವೆಯ ಮಾತು ಬೇರೆ. ಮಹಾರಾಷ್ಟ್ರದ ದಾಭೋಲದಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದು ಬೆಂಗಳೂರಿನ ಸೀಮೆಯನ್ನು ಮುಟ್ಟುವ ಅನಿಲಮಾರ್ಗವು ೨೦೧೩ರಲ್ಲಿ ಕೆಲಸ ಆರಂಭಿಸಿತು. ಅದು ಹಾದುಹೋಗುವ ಹೊಲಗಳಲ್ಲಿ ಇಂದು ಬೆಳೆ ನಿಂತಿದೆ. ನೆಲದ ಕೆಳಗೆ, ನೂರಾರು ಊರುಗಳ ಪಕ್ಕದಲ್ಲಿ, ಭಾರಿ ಒತ್ತಡದ ಅನಿಲ ಹರಿಯುತ್ತಿದೆ. ಒಂದು ಕೊಳವೆ ಸಾಮಾನ್ಯವಾಗಿ ಹನ್ನೆರಡು ಮೀಟರು ಉದ್ದ. ಎಂದರೆ ಒಂದು ಕಿಲೋಮೀಟರಿಗೆ ಎಂಬತ್ತಕ್ಕೂ ಮೇಲ್ಪಟ್ಟು ಬೆಸುಗೆಗಳು. ಸಾವಿರ ಕಿಲೋಮೀಟರಿಗೆ ಎಷ್ಟೆಂಬುದನ್ನು ಓದುಗರೇ ಲೆಕ್ಕಹಾಕಿಕೊಳ್ಳಬಹುದು. ಅವುಗಳಲ್ಲಿ ಒಂದೇ ಒಂದು ಕೆಟ್ಟರೂ ಸಾಕು.

ಇಂತಹ ಕೊಳವೆಗಳ ಉಕ್ಕನ್ನು ಎಕ್ಸ್-೫೨, ಎಕ್ಸ್-೬೫, ಎಕ್ಸ್-೭೦ ಎಂದು ಕರೆಯುತ್ತಾರೆ. ಒಂದು ಚದರ ಅಂಗುಲದ ಮೇಲೆ ಎಷ್ಟು ಸಾವಿರ ಪೌಂಡು ಎಳೆತ ಬಿದ್ದರೂ ಶಾಶ್ವತವಾಗಿ ಹಿಗ್ಗದೆ ನಿಲ್ಲುವುದೆಂಬುದೇ ಆ ಅಂಕಿಯ ಅರ್ಥ. ಬಲ ಬೇಕೆಂದು ಇಂಗಾಲ ಹೆಚ್ಚಿಸಿದರೆ ಬೆಸುಗೆಯ ಪಕ್ಕ ಗಾಜಾಗುತ್ತದೆಂಬುದನ್ನು ನೋಡಿದೆವಲ್ಲ? ಆದುದರಿಂದ ಇಂದಿನ ಕೊಳವೆಯುಕ್ಕಿನಲ್ಲಿ ಇಂಗಾಲವನ್ನು ಅನೇಕ ವೇಳೆ ನೂರಕ್ಕೆ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ ಇರಿಸುತ್ತಾರೆ. ಬಲವನ್ನು ಬೇರೆ ದಾರಿಯಿಂದ ತರುತ್ತಾರೆ. ತಗಡನ್ನು ಲೆಕ್ಕಹಾಕಿದ ಶಾಖದಲ್ಲಿ ಉರುಳೆಗಳ ನಡುವೆ ಮತ್ತೆ ಮತ್ತೆ ಒತ್ತಿ, ಹರಳುಗಳನ್ನು ಮೈಕ್ರಾನುಗಳಷ್ಟು ಸಣ್ಣಗೆ ಮಾಡುತ್ತಾರೆ. ಇದಕ್ಕೆ ನಯೋಬಿಯಂ, ವೆನೇಡಿಯಂ, ಟೈಟೇನಿಯಂ ಎಂಬ ಲೋಹಗಳನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಟೈಟೇನಿಯಂ ಮತ್ತು ಸಾರಜನಕ ಸೇರಿ ಹುಟ್ಟುವ ಅತಿಸೂಕ್ಷ್ಮ ಕಣಗಳು ಬೆಸುಗೆಯ ಬೆಂಕಿಯಲ್ಲಿಯೂ ಬಹುಮಟ್ಟಿಗೆ ಕರಗದೆ ನಿಂತು, ಹರಳುಗಳ ಅಂಚನ್ನು ಮೊಳೆ ಹೊಡೆದಂತೆ ಹಿಡಿದಿಡುತ್ತವೆ. ಬದು ಕೊಚ್ಚಿಹೋಗದಂತೆ ನಾವು ಹುಲ್ಲು ಬೆಳೆಸುವುದಿಲ್ಲವೆ? ಹಾಗೆ.

ಆದರೂ ಒಂದು ವಿಪರ್ಯಾಸ ಉಳಿದಿದೆ. ಕಾರ್ಖಾನೆಯಲ್ಲಿ ಅಷ್ಟು ಶ್ರಮದಿಂದ ಗಳಿಸಿದ ಆ ಸಣ್ಣ ಹರಳುಗಳನ್ನು ಬೆಸುಗೆಯ ಕಿಡಿ ಕೆಲವು ಸೆಕೆಂಡುಗಳಲ್ಲಿ ಅಳಿಸಿಬಿಡಬಲ್ಲದು. ದಪ್ಪ ಕೊಳವೆಗೆ ಬೆಸುಗೆಯನ್ನು ಒಂದರ ಮೇಲೊಂದರಂತೆ ಹಲವು ಸುತ್ತು ಹಾಕುತ್ತಾರೆ. ಮೇಲಿನ ಸುತ್ತಿನ ಶಾಖವು ಕೆಳಗಿನದಕ್ಕೆ ಬಹುಮಟ್ಟಿಗೆ ಹದ ಕೊಡುತ್ತದೆ, ಇದು ಭಾಗ್ಯ. ಆದರೆ ಮೊದಲೇ ದಪ್ಪವಾದ ಹರಳುಗಳು ಎರಡನೆಯ ಸಲ ಅರೆಬರೆ ಶಾಖಕ್ಕೆ ಸಿಕ್ಕಿದ ಕಡೆ, ಅವುಗಳ ಅಂಚಿನಲ್ಲಿ ಗಡಸಾದ ಪುಟ್ಟ ದ್ವೀಪಗಳು ಹುಟ್ಟುತ್ತವೆ. ಇಡೀ ಕೊಳವೆಯಲ್ಲಿ ಇವೇ ಅತ್ಯಂತ ದುರ್ಬಲವಾದ ತಾಣಗಳು; ಸಾಸಿವೆ ಕಾಳಿಗಿಂತಲೂ ಚಿಕ್ಕವು.

ಒದ್ದೆ ರಾಡಿನ ಶತ್ರು

ಶಾಖವಲ್ಲದೆ ಇನ್ನೊಂದು ಶತ್ರುವುಂಟು: ತೇವ. ಬೆಸುಗೆಯ ರಾಡಿನ ಮೇಲಿನ ಲೇಪಕ್ಕೆ ತೇವ ಹಿಡಿದಿದ್ದರೆ, ಕೊಳವೆಯ ಬಾಯಿಯಲ್ಲಿ ಇಬ್ಬನಿಯೋ ಎಣ್ಣೆಯೋ ಇದ್ದರೆ, ಕಿಡಿಯ ಶಾಖಕ್ಕೆ ಅದು ಒಡೆದು ಜಲಜನಕ ಹೊರಡುತ್ತದೆ. ಕರಗಿದ ಉಕ್ಕು ಅದನ್ನು ಕುಡಿಯುತ್ತದೆ. ಉಕ್ಕು ಆರಿದ ಮೇಲೆ ಆ ಜಲಜನಕ ಮೆಲ್ಲನೆ ಸರಿದಾಡಿ ಪಕ್ಕದ ಗಡಸು ಪಟ್ಟಿಯನ್ನು ಸೇರಿ, ಒಳಗಿಂದಲೇ ಬಿರಿಸುತ್ತದೆ. ಗಡಸು ರಚನೆ, ಜಲಜನಕ, ಎಳೆತ: ಮೂರೂ ಕೂಡಿದರೆ ಬಿರುಕು ಹುಟ್ಟಿತೆಂದೇ ತಿಳಿಯಬೇಕು. ಮೋಸದ ಸಂಗತಿಯೆಂದರೆ ಈ ಬಿರುಕು ಕೂಡಲೆ ಕಾಣುವುದಿಲ್ಲ. ಹಲವು ಗಂಟೆಗಳು, ಕೆಲವೊಮ್ಮೆ ಎರಡು ದಿನಗಳು ಕಳೆದ ಮೇಲೆ ತೋರಿಕೊಳ್ಳುತ್ತದೆ. ಸಂಜೆ ನೋಡಿ ಮೆಚ್ಚಿದ ಬೆಸುಗೆ ಮರುದಿನ ಬೆಳಗಾಗುವಷ್ಟರಲ್ಲಿ ಬಿರಿದಿರಬಹುದು.

ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ಆದುದರಿಂದ ಚಳಿಯ ಭಿದುರತೆ ನಮಗೆ ದೊಡ್ಡ ಭಯವಲ್ಲವೆಂದು ಹೇಳಬಹುದು. ಆದರೆ ಜಲಜನಕಕ್ಕೆ ಹಿಮ ಬೇಕಾಗಿಲ್ಲ. ಮಳೆಗಾಲದ ತೇವ ಸಾಕು.

ಕಾಣದ ಕಡೆಯ ಪ್ರಾಮಾಣಿಕತೆ

ಇದಕ್ಕೆಲ್ಲ ಪರಿಹಾರ ಉಂಟೆ? ಉಂಟು, ಆಶ್ಚರ್ಯವೆಂದರೆ ಅದು ಬಲು ಸರಳ. ಬೆಸುಗೆಗೆ ಮೊದಲು ಕೊಳವೆಯ ಬಾಯನ್ನು ಒಲೆಯ ಹಾಗೆ ಹದವಾಗಿ, ಉಕ್ಕಿನ ಜಾತಿಗೂ ದಪ್ಪಕ್ಕೂ ತಕ್ಕಂತೆ ನೂರು ಡಿಗ್ರಿಯವರೆಗೋ ಇನ್ನೂ ಸ್ವಲ್ಪ ಮೇಲಕ್ಕೋ ಕಾಯಿಸಬೇಕು. ಇಂತಿಷ್ಟು ಡಿಗ್ರಿಗೆ ಕರಗುವ ಬಣ್ಣದ ಕಡ್ಡಿಯಿಂದ ಗೀರಿ ಶಾಖವನ್ನು ತಿಳಿಯುತ್ತಾರೆ. ಕಾದ ಉಕ್ಕು ಬೆಸುಗೆಯ ಬಿಸಿಯನ್ನು ಥಟ್ಟನೆ ಹೀರುವುದಿಲ್ಲ; ಗಡಸು ಹುಟ್ಟುವುದಿಲ್ಲ; ಜಲಜನಕಕ್ಕೆ ಹೊರಗೆ ಹೋಗಲು ಸಮಯ ದೊರೆಯುತ್ತದೆ. ಜಲಜನಕ ಕಡಮೆ ಕೊಡುವ ಜಾತಿಯ ರಾಡುಗಳನ್ನು ಒಲೆಯಲ್ಲಿ ಒಣಗಿಸಿ, ಬಿಸಿ ಡಬ್ಬಿಯಲ್ಲಿಟ್ಟುಕೊಂಡು, ಬೇಕಾದಾಗ ಒಂದೊಂದನ್ನೇ ತೆಗೆಯಬೇಕು. ಒಂದು ಸುತ್ತಿನ ಮೇಲೆ ಇನ್ನೊಂದನ್ನು ಗೊತ್ತಾದ ಅವಧಿಯಲ್ಲಿ ಹಾಕಬೇಕು. ಮಳೆಗಾಳಿಗೆ ಮರೆ ಕಟ್ಟಬೇಕು. ಮುಗಿದ ಬೆಸುಗೆಯ ಮೇಲೆ ನೀರೆರಚಿ ತಣಿಸಕೂಡದು.

ಕ್ಷ-ಕಿರಣದಿಂದ ಚಿತ್ರ ತೆಗೆದರೆ ತಪ್ಪು ತಿಳಿಯುವುದಿಲ್ಲವೆ ಎಂದು ಕೇಳುವವರುಂಟು. ಕ್ಷ-ಕಿರಣ ತೂತನ್ನು ಕಾಣುತ್ತದೆ, ಸಿಕ್ಕಿಕೊಂಡ ಕಿಟ್ಟವನ್ನು ಕಾಣುತ್ತದೆ, ತೆರೆದ ಬಿರುಕನ್ನು ಕಾಣುತ್ತದೆ. ಹರಳು ದಪ್ಪವಾದದ್ದನ್ನು ಕಾಣುವುದಿಲ್ಲ, ಹದ ಕೆಟ್ಟದ್ದನ್ನು ಕಾಣುವುದಿಲ್ಲ. ತಾಳಿಕೆಯನ್ನು ಅಳೆಯಬೇಕಾದರೆ ಮುರಿದೇ ಅಳೆಯಬೇಕು. ಫ್ರಾನ್ಸಿನ ಜಾರ್ಜ್ ಷಾರ್ಪಿ ೧೯೦೧ರಲ್ಲಿ ರೂಢಿಗೆ ತಂದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ: ೫೫ ಮಿಲಿಮೀಟರು ಉದ್ದ, ೧೦ ಮಿಲಿಮೀಟರು ಚೌಕದ ಉಕ್ಕಿನ ಕಡ್ಡಿಗೆ ಸಣ್ಣ ಕಚ್ಚು ಹಾಕಿ, ತೂಗಾಡುವ ಭಾರವಾದ ಸುತ್ತಿಗೆಯಿಂದ ಹೊಡೆಯುವುದು, ಮುರಿದ ಮೇಲೆ ಸುತ್ತಿಗೆ ಎಷ್ಟು ಎತ್ತರಕ್ಕೆ ಏರಿತೆಂದು ನೋಡಿ, ಕಡ್ಡಿ ನುಂಗಿದ ಶಕ್ತಿಯನ್ನು ಲೆಕ್ಕ ಮಾಡುವುದು. ಯಲ್ದೂರಿನ ತಾತ ಅಡಿಗಲ್ಲಿನ ಮೇಲೆ ಮಾಡಿದ್ದೂ ಇದನ್ನೇ.

ಆದರೆ ಕೊಳವೆಮಾರ್ಗದ ಪ್ರತಿಯೊಂದು ಬೆಸುಗೆಯನ್ನೂ ಮುರಿದು ನೋಡಲು ಬರುವುದಿಲ್ಲವಷ್ಟೆ. ಆದುದರಿಂದ ಕೆಲಸ ಆರಂಭಿಸುವ ಮೊದಲು ಮಾದರಿ ಬೆಸುಗೆಯೊಂದನ್ನು ಹಾಕಿ, ಅದನ್ನು ಕತ್ತರಿಸಿ, ಬಗ್ಗಿಸಿ, ಮುರಿದು, ಒಪ್ಪಿಗೆಯಾದರೆ ಅದರ ವಿಧಾನವನ್ನು ಬರೆದಿಡುತ್ತಾರೆ: ಇಷ್ಟು ಶಾಖ, ಇಷ್ಟು ವೇಗ, ಈ ರಾಡು. ಮುಂದಿನ ಸಾವಿರಾರು ಬೆಸುಗೆಗಳು ಆ ಪಾಕವಿಧಾನದಂತೆಯೇ ನಡೆದಿವೆಯೆಂಬ ನಂಬಿಕೆಯ ಮೇಲೆ ಇಡೀ ಮಾರ್ಗ ನಿಂತಿದೆ. ಚಾಲನೆಗೆ ಮುನ್ನ ನೀರು ತುಂಬಿ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸುವುದೂ ಉಂಟು. ಆದರೆ ಪರೀಕ್ಷೆ ಎಷ್ಟೇ ಇರಲಿ, ಬಿಸಿಲಿನಲ್ಲಿ, ಕಂದಕದಲ್ಲಿ ಕುಳಿತು, ಗುತ್ತಿಗೆದಾರನ ಅವಸರದ ನಡುವೆ, ‘ಇನ್ನೂ ಶಾಖ ಸಾಲದು, ಸ್ವಲ್ಪ ತಾಳಿ’ ಎಂದು ಹೇಳಬಲ್ಲ ಕೆಲಸಗಾರನಿಗೆ ಬದಲಿಯಿಲ್ಲ.

ಹೀಗೆ ಹೇಳಲು ಕಾರಣವುಂಟು. ೨೦೧೦ರ ಸೆಪ್ಟೆಂಬರ್ ೯ರ ಸಂಜೆ ಕ್ಯಾಲಿಫೋರ್ನಿಯದ ಸ್ಯಾನ್ ಬ್ರೂನೋ ಎಂಬ ಊರಿನಲ್ಲಿ ಅನಿಲದ ಕೊಳವೆ ಸಿಡಿಯಿತು. ಎಂಟು ಮಂದಿ ಸತ್ತರು. ಮೂವತ್ತೆಂಟು ಮನೆಗಳು ನಾಶವಾದುವು. ಆ ಕೊಳವೆ ನೆಲ ಸೇರಿದ್ದು ೧೯೫೬ರಲ್ಲಿ. ಅಲ್ಲಿನ ದೋಷ ಹದಗೆಟ್ಟ ಪಕ್ಕದ್ದಲ್ಲ, ಉದ್ದಕ್ಕೂ ಹಾಕಿದ ಬೆಸುಗೆ ಒಳಮೈವರೆಗೆ ಪೂರ್ತಿಯಾಗಿ ಕೂಡಿರಲಿಲ್ಲ. ಆದರೂ ಪಾಠ ಒಂದೇ: ಯಾರೋ ಒಂದು ದಿನ ಅವಸರದಲ್ಲಿ ಬಿಟ್ಟ ಕೊರತೆ ಐವತ್ತನಾಲ್ಕು ವರ್ಷ ಮಣ್ಣಿನಡಿಯಲ್ಲಿ ಮೌನವಾಗಿ ಕಾದಿತ್ತು. ಸತ್ತವರಲ್ಲಿ ಕೊಳವೆ ಹೂಳಿದ ದಿನ ಹುಟ್ಟಿಯೇ ಇರದಿದ್ದವರೂ ಇದ್ದರು.

ನಮ್ಮ ಊರಿನ ಪಕ್ಕದಲ್ಲಿ ಕೊಳವೆ ಹೂಳುವಾಗ ನಾವು ಜಮೀನಿನ ಪರಿಹಾರವನ್ನು ಕೇಳುತ್ತೇವೆ, ಖರ್ಚಿನ ಲೆಕ್ಕವನ್ನು ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆಗೆ ಬೆಸುಗೆಗೆ ಮುನ್ನ ಕಾಯಿಸಿದರೆ, ರಾಡು ಒಣಗಿತ್ತೆ, ಮಳೆಗೆ ಮರೆಯಿತ್ತೆ ಎಂಬುದನ್ನೂ ಕೇಳುವಂತಾದರೆ ಎಷ್ಟು ಚೆನ್ನ! ಮುಖಕ್ಕೆ ಕವಚ ಹಿಡಿದು ಕಿಡಿಯ ಮುಂದೆ ಕುಳಿತ ಆ ಮನುಷ್ಯನನ್ನು ಬರಿಯ ಕೂಲಿಯವನೆಂದು ಎಣಿಸದಿರುವುದೂ ಅಷ್ಟೇ ಮುಖ್ಯ. ಅವನ ಅಂದಿನ ತಾಳ್ಮೆಯೇ ಉಕ್ಕಿನ ಮುಂದಿನ ತಾಳಿಕೆ.

ಟ್ರೈಲರಿಗೆ ಕೊನೆಗೆ ಹೊಸ ಪಟ್ಟಿಯನ್ನೇ ಹಾಕಿಸಬೇಕಾಯಿತು. ಅಂತಹ ಉಕ್ಕನ್ನು ದಾರಿಬದಿಯಲ್ಲಿ ಬೆಸೆಯುವುದೇ ತಪ್ಪೆಂದು ತಾತ ಬಂಧುಗಳಿಗೆ ತಿಳಿಹೇಳಿದರು. ಹಳೆಯ ತುಂಡುಗಳಲ್ಲಿ ಒಂದನ್ನು ಬಡಿದು ಬಡಿದು ಅವರು ತೋಟದ ಕೆಲಸಕ್ಕೆ ಒಂದು ಮಚ್ಚು ಮಾಡಿಕೊಟ್ಟರು. ನೀರಿನಲ್ಲಿ ಅದ್ದಿ ತೆಗೆದ ಮೇಲೆ ಅದನ್ನು ಮತ್ತೆ ಕೆಂಡದ ಮೇಲೆ ಹಿಡಿದು, ಅಲಗಿನ ಉದ್ದಕ್ಕೂ ಹೊಂಬಣ್ಣ ಹರಿಯುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಹೊತ್ತಾಯಿತೆಂದು ನಮ್ಮವರು ಅವಸರಪಡಿಸಿದಾಗ ತಲೆಯೆತ್ತದೆಯೇ ಹೇಳಿದರು:

“ತಾಳಿ ಸಾಮಿ. ಇನ್ನೂ ಹದ ಬಂದಿಲ್ಲ.”